ಶಿವಕಾಂತಕ್ಕನ ಗಾಡಿ ಕುಡಿದ ಮೂರು ಲೀಟರ್

ಶಿವಕಾಂತಕ್ಕ ಗಾಡಿ ನಡೆಸುವಾಗ ಮಾತು ನಿಲ್ಲಿಸಿದ್ದನ್ನು ನಾನು ಕಂಡದ್ದು ಒಂದೇ ವಾರ. ಅದು ಕಳೆದ ಫೆಬ್ರವರಿ ತಿಂಗಳು.

ಸೋಮವಾರ ಬೆಳಿಗ್ಗೆ ಆಳಂದ ಬಸ್ ಸ್ಟ್ಯಾಂಡಿನ ಎದುರು ಅವರ ಬಿಳಿ ಗಾಡಿ ಬಂದು ನಿಂತಿತು. ನಾವು ಎಂಟು ಜನ ಶಿಕ್ಷಕರು ದಿನವೂ ಅದರಲ್ಲೇ ಮಾದನಹಿಪ್ಪರಗಾ ಕಡೆಯ ಶಾಲೆಗಳಿಗೆ ಹೋಗುತ್ತೇವೆ. ದಾರಿಯ ಹಳ್ಳಿಗಳಲ್ಲಿ ಒಬ್ಬೊಬ್ಬರನ್ನೇ ಇಳಿಸುತ್ತ, ಕೊನೆಗೆ ಪ್ರಾಣೇಶ ಸರ್ ಮತ್ತು ನನ್ನನ್ನು ಮಾದನಹಿಪ್ಪರಗಾದ ಹೈಸ್ಕೂಲಿನ ಮುಂದೆ ಬಿಟ್ಟು, ಅಕ್ಕ ಅದೇ ಊರಿನ ತಮ್ಮ ಮನೆಗೆ ಹೋಗುತ್ತಾರೆ. ಸಂಜೆ ಮತ್ತೆ ನಮ್ಮನ್ನೆಲ್ಲ ಕೂಡಿಸಿಕೊಂಡು ಆಳಂದಕ್ಕೆ ಮುಟ್ಟಿಸಿ ಊರಿಗೆ ಮರಳುತ್ತಾರೆ. ದಾರಿಯುದ್ದಕ್ಕೂ ಅವರ ಮಾತು ನಡೆದೇ ಇರುತ್ತದೆ. ಯಾರ ಎಮ್ಮೆ ಈಯಿತು, ಯಾರ ಸೊಸೆ ತವರಿನಿಂದ ಬಂದಳು, ಯಾವ ಹೊಲದಲ್ಲಿ ಬೋರ್ ಬಿತ್ತು, ಎಲ್ಲವೂ ನಮಗೆ ಗೊತ್ತಾಗುವುದು ಹೀಗೆ. ನಡುನಡುವೆ "ಹಂಪ್ ಬಂತ್ರಿ, ಹಲ್ಲು ಕಚ್ಚಿ ಹಿಡೀರಿ" ಎಂಬ ಸೂಚನೆಯೂ ಇರುತ್ತದೆ.

ಆ ದಿನ ಹಂಪ್ ಬಂದಾಗಲೂ ಅಕ್ಕ ಬಾಯಿ ಬಿಡಲಿಲ್ಲ. ಹಿಂದಿನ ಸೀಟಿನವರ ತಲೆ ಎರಡು ಸಲ ಮೇಲಿನ ತಗಡಿಗೆ ಬಡಿಯಿತು. ಪ್ರಾಣೇಶ ಸರ್ ತಡೆಯಲಾರದೆ ಕೇಳಿದರು.

"ಅಕ್ಕಾರ, ರೇಡಿಯೋ ಬಂದ್ ಆಗ್ಯಾದಲ್ರಿ. ಸೆಲ್ ಹೋಗ್ಯಾವೇನು?"

"ಸೆಲ್ ಅಲ್ರಿ ಸರ್ರ, ಗಾಡಿನೇ ಹೋಗಾಕತ್ತದ. ಬರೋ ಐತವಾರ ಸೂರ್ಯಕಾಂತ ಬರ್ತಾನ, ಇದನ್ನ ಒಯ್ಯಾಕ."

ಸೂರ್ಯಕಾಂತ ಎಂದರೆ ಅಕ್ಕನ ಗಂಡ ಚಂದ್ರಾಮಪ್ಪನವರ ಕಾಕಾನ ಮಗ. ಜೇವರ್ಗಿಯಲ್ಲಿ ಹಳೆ ಗಾಡಿಗಳನ್ನು ಕೊಂಡು ಮಾರುವ ವ್ಯವಹಾರ ಅವನದು. ಹಿಂದಿನ ವಾರ ಮನೆಗೆ ಬಂದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಅಣ್ಣಾ, ಇದು ಮುದಿ ಎತ್ತು ಆಗ್ಯಾದ. ಇಂಜಿನ್ ಮುಗದದ. ಮಲಗೋಕಿಂತ ಮೊದಲ ಕೊಟ್ಬಿಡು" ಎಂದು ಹೇಳಿ ಹೋಗಿದ್ದ. ಹಾಗೆ ಹೇಳಲು ಕಾರಣವಿತ್ತು. ಗಾಡಿ ಇದ್ದಕ್ಕಿದ್ದಂತೆ ಡೀಸೆಲ್ ಕುಡಿಯಲು ಶುರು ಮಾಡಿತ್ತು.

ಅಕ್ಕನ ಗಾಡಿಯ ಕಿಲೋಮೀಟರ್ ಮುಳ್ಳು ನಿಂತು ವರ್ಷಗಳಾಗಿವೆ. ಹಾಗಾಗಿ ಅವರ ಅಳತೆ ದಿನದ್ದು. ಬೆಳಿಗ್ಗೆ ಆಳಂದಕ್ಕೆ ಹೋಗಿ ಬರುವುದು, ಸಂಜೆ ಹೋಗಿ ಬರುವುದು, ಎಲ್ಲ ಸೇರಿ ನೂರಿಪ್ಪತ್ತು ಕಿಲೋಮೀಟರ್. ಅದಕ್ಕೆ ಏಳು ಲೀಟರ್. ಮಳೆಗಾಲದಲ್ಲಿ ಏಳೂವರೆ. ಆರು ವರ್ಷದಿಂದ ಇದು ತಪ್ಪಿರಲಿಲ್ಲ. ಈಗ ಹತ್ತು ದಿನದಿಂದ ದಿನಕ್ಕೆ ಹತ್ತು ಲೀಟರ್ ಹಾಕಿದರೂ ಡೀಸೆಲ್ ಮುಳ್ಳು ಕೆಳಗೇ ಇರುತ್ತಿತ್ತು.

"ಗಾಡಿ ಹೋದ್ರ ನೀವೇನ್ ಮಾಡ್ತೀರಿ ಅಕ್ಕಾ?" ಎಂದು ನಾನು ಕೇಳಿದೆ.

"ಏನ್ ಮಾಡೋದ್ರಿ ಟೀಚರ್, ಮತ್ತ ಗಿರಣಿ ಮುಂದ ಜೋಳದ ಡಬ್ಬಿ ಸಾಲಿಗಿ ಹಚ್ಕೋತ ಕೂಡೋದು."

ಚಂದ್ರಾಮಪ್ಪನವರದು ಊರಿನಲ್ಲಿ ಹಿಟ್ಟಿನ ಗಿರಣಿ. ಅಕ್ಕನ ತವರು ಭೀಮಾ ದಂಡೆಯ ಮಣ್ಣೂರ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವರು. ಹದಿನೆಂಟು ವರ್ಷ ಗಿರಣಿಯ ಬಾಗಿಲಲ್ಲಿ ಕುಳಿತು ಯಾರ ಡಬ್ಬಿ ಮೊದಲು, ಯಾರದು ನಂತರ ಎಂಬ ಜಗಳ ಬಿಡಿಸಿದರು. ಆಮೇಲೆ ಚಂದ್ರಾಮಪ್ಪನವರು ಡ್ರೈವರ್ ಇಟ್ಟು ನಡೆಸುವುದೆಂದು ಈ ಗಾಡಿ ತಂದರು. ಮೊದಲ ಡ್ರೈವರ್ ಮದುವೆಯಾಗಿ ಹೆಂಡತಿಯ ಊರಿಗೆ ಹೋದ. ಎರಡನೆಯವನು ಚಂದ್ರಾಮಪ್ಪನವರೊಂದಿಗೆ ಜಗಳವಾಡಿ ಚಾವಿಯನ್ನು ಹಿಟ್ಟಿನ ಡಬ್ಬಿಯೊಳಗೆ ಎಸೆದು ಹೋದ. ಮೂರನೆಯವನು ಒಳ್ಳೆಯವನು, ಆದರೆ ಬೆಳಿಗ್ಗೆ ಏಳುತ್ತಿರಲಿಲ್ಲ. ಅವನನ್ನು ಚಹಾ ಕೊಟ್ಟು ಎಬ್ಬಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ದಿನಾ ಚಹಾ ಒಯ್ಯುವ ಬದಲಿಗೆ ಅಕ್ಕ ಅವನಿಂದ ಒಂದು ಮಾತು ತೆಗೆದುಕೊಂಡರು: ಆಳಂದದಿಂದ ಖಾಲಿ ಬರುವಾಗ ಸ್ಟೇರಿಂಗ್ ತಮ್ಮ ಕೈಯಲ್ಲಿ. ಮೂರು ತಿಂಗಳಿಗೆ ಅವನೂ ಬಿಟ್ಟು ಹೋದ. ಅಷ್ಟರಲ್ಲಿ ಅಕ್ಕ ಕಲಿತಿದ್ದರು. ಕಲಬುರಗಿಯಲ್ಲಿ ಲೈಸೆನ್ಸ್ ಪರೀಕ್ಷೆಯ ದಿನ ಚಂದ್ರಾಮಪ್ಪನವರು ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿ ಕುಳಿತಿದ್ದರಂತೆ. ಅಕ್ಕ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ತಂದು ಅವರ ಕಾಲ ಬಳಿಯೇ ನಿಲ್ಲಿಸಿ ಹಾರ್ನ್ ಹೊಡೆದರಂತೆ. ಈ ಕತೆಯನ್ನು ಗಾಡಿಯಲ್ಲಿ ನಾವು ಕಡಿಮೆಯೆಂದರೂ ಹತ್ತು ಸಲ ಕೇಳಿದ್ದೇವೆ, ಪ್ರತಿ ಸಲವೂ ಹಾರ್ನಿನ ಸಮೇತ.

ಅದಾದ ಮೇಲೆ ಆ ಸೀಟಿನಲ್ಲಿ ಬೇರೆ ಯಾರೂ ಕುಳಿತಿಲ್ಲ. ಆದ್ದರಿಂದ ಗಾಡಿ ಮಾರುವ ಮಾತು ಬಂದಾಗ ಹೋಗಲಿದ್ದುದು ಬರೀ ಗಾಡಿಯಲ್ಲ ಎಂದು ನಮಗೆಲ್ಲ ತಿಳಿದಿತ್ತು. ಭಾನುವಾರಕ್ಕೆ ಇನ್ನೂ ಆರು ದಿನವಿತ್ತು. ಅಷ್ಟರೊಳಗೆ ಆ ಮೂರು ಲೀಟರ್ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕಿತ್ತು.

ಮರುದಿನ ಗಾಡಿಯೊಳಗೆ ಒಬ್ಬೊಬ್ಬರದು ಒಂದೊಂದು ಮಾತು. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಹೀಗಾಗುತ್ತದೆ ಎಂದರು ಒಬ್ಬರು. ಕ್ಲಚ್ ಮೇಲೆ ಕಾಲಿಟ್ಟೇ ನಡೆಸಿದರೆ ಹೀಗೆ ಎಂದರು ಇನ್ನೊಬ್ಬರು. ಅಕ್ಕ ಎಡಗಾಲನ್ನು ಎತ್ತಿ ತೋರಿಸಿ, "ನೋಡ್ರಿ, ಕಾಲು ಇಲ್ಲಿ ಅದ. ಕ್ಲಚ್ ಅಲ್ಲಿ ಅದ" ಎಂದರು. ಆಳಂದದಲ್ಲಿ ಗಾಳಿ ನೋಡಿಸಿದಾಗ ಹಿಂದಿನ ಎರಡು ಟೈರಿನಲ್ಲಿ ನಿಜಕ್ಕೂ ಕಡಿಮೆ ಇತ್ತು. ತುಂಬಿಸಿದೆವು. ಪ್ರಾಣೇಶ ಸರ್ ಹಿಂದಿನ ಬಾಗಿಲು ತೆಗೆದು, ಕೊನೆಯ ಸೀಟಿನ ಕೆಳಗೆ ಬಗ್ಗಿ ನೋಡಿದವರು ಹಾಗೇ ನಿಂತರು.

"ಅಕ್ಕಾರ, ಇಲ್ಲಿ ಯಾರೋ ಮಲಗ್ಯಾರ್ರಿ."

ಗೋಣಿತಟ್ಟಿನಲ್ಲಿ ಸುತ್ತಿದ, ಸವೆದು ಬಿಚ್ಚಿಟ್ಟ ಗಿರಣಿಯ ಹಳೆ ಕಲ್ಲು. ಚಂದ್ರಾಮಪ್ಪನವರು ಅದಕ್ಕೆ ಹಲ್ಲು ಹೊಡೆಸಿಕೊಂಡು ಬರಲು ಆಳಂದಕ್ಕೆ ಕಳಿಸಬೇಕೆಂದು ಹೇರಿಸಿದ್ದರು, ಹೇಳುವುದನ್ನು ಮರೆತಿದ್ದರು. ಮೂರು ವಾರದಿಂದ ಕಲ್ಲು ಟಿಕೆಟಿಲ್ಲದೆ ಆಳಂದ ನೋಡಿ ಬರುತ್ತಿತ್ತು. ಇಬ್ಬರು ಗಂಡಸರು ಸೇರಿ ಇಳಿಸಿದರು. ಅಕ್ಕ ಅಲ್ಲಿಂದಲೇ ಫೋನ್ ಹಚ್ಚಿದರು.

"ಏನ್ರೀ, ಗಾಡಿಗಿ ನಾ ಎಕ್ಸಿಲೇಟರ್ ಒತ್ತೀನಿ ಅಂತ ಬೈತಿದ್ರಲ್ಲ, ನಿಮ್ಮ ಕಲ್ಲು ಯಾರು ಒತ್ತಿದ್ರು?"

ಆ ಕಡೆ ಗಿರಣಿಯ ಸದ್ದು ಮಾತ್ರ ಕೇಳಿಸಿತು. ಚಂದ್ರಾಮಪ್ಪನವರಿಗೆ ಬೇಕಾದಾಗ ಆ ಸದ್ದು ಬಹಳ ಉಪಯೋಗಕ್ಕೆ ಬರುತ್ತದೆ.

ಟೈರು, ಕಲ್ಲು ಎರಡೂ ಸರಿಯಾದವು. ಆದರೂ ಬುಧವಾರ ಸಂಜೆಗೆ ಡೀಸೆಲ್ ಒಂಬತ್ತು ಮುಕ್ಕಾಲು ಲೀಟರ್ ಹೋಗಿತ್ತು. ಬಂಕ್ ಬದಲಿಸಿ ಬೇರೆ ಕಡೆ ಹಾಕಿಸಿದ್ದೂ ಆಗಿತ್ತು, ಫರಕು ಕಾಣಲಿಲ್ಲ. ಟ್ಯಾಂಕು ಸೋರುತ್ತಿರಬಹುದೆಂದು ಅಕ್ಕ ಮನೆಯ ಮುಂದೆ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿಟ್ಟರು. ಬೆಳಿಗ್ಗೆ ರಟ್ಟು ಒಣಗಿಯೇ ಇತ್ತು, ಅದರ ಮೇಲೆ ಬೆಕ್ಕು ಮಲಗಿತ್ತು.

ಗುರುವಾರ ಸಂಜೆ ಆಳಂದದಲ್ಲಿ ಎಲ್ಲರೂ ಇಳಿದ ಮೇಲೆ ಅಕ್ಕ ನನ್ನನ್ನು ತಡೆದರು. "ಟೀಚರ್, ರಾಜೇಸಾಬನ ಹಂತ್ಯಾಕ ಹೋಗಾಕತ್ತೇನಿ. ನೀವೂ ಬರ್ರಿ. ಅಂವ ಅಂಕಿ ಹೇಳಿದ್ರ ನಂಗ ತಿಳಿಯಂಗಿಲ್ಲ."

ರಾಜೇಸಾಬ ಆಳಂದದಲ್ಲಿ ಗಾಡಿ ರಿಪೇರಿ ಮಾಡುವ ಹಳೆಯ ಮಿಸ್ತ್ರಿ, ಅರವತ್ತು ದಾಟಿದವರು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ ಡಾಕ್ಟರಂತೆ ಕೇಳುತ್ತಾರೆ. ಅವರು ಕೇಳುವಾಗ ಪಕ್ಕದಲ್ಲಿ ಯಾರೂ ಮಾತಾಡಬಾರದು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು.

"ಅವಾಜ್ ಸಾಫ್ ಅದ" ಎಂದರು ರಾಜೇಸಾಬ. ನಂತರ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಬಡಿದರು. ಕಪ್ಪು ಧೂಳಿನ ಜೊತೆಗೆ ಒಂದು ಮುಷ್ಟಿ ಕಡಲೆ ಹೊಟ್ಟು ಉದುರಿತು. ಮತ್ತೆ ಬಡಿದರು, ಮತ್ತೊಂದು ಮುಷ್ಟಿ.

"ಅಕ್ಕಾ, ಇದು ಫಿಲ್ಟರ್ ಏನು, ಹೊಟ್ಟಿನ ಚೀಲ ಏನು? ಗಾಡಿಗಿ ಉಸಿರೇ ಆಡವಲ್ದು. ಗಾಳಿ ಸಿಗದಿದ್ರ ಡೀಸೆಲ್ ಸರಿ ಉರಿಯಂಗಿಲ್ಲ, ಹೊಗಿ ಆಗಿ ಹೋಗ್ತದ."

ಹಿಂದಿನ ಚಕ್ರದ ಬಳಿ ಕೈ ಇಟ್ಟವರು ತಟ್ಟನೆ ಹಿಂದೆಗೆದರು. ಬ್ರೇಕಿನ ಡ್ರಮ್ಮು ಸುಡುತ್ತಿತ್ತು. ಚಕ್ರ ಬಿಚ್ಚಿದರೆ ಒಳಗೆ ಒಣ ಕಡ್ಡಿಗಳು ಹಗ್ಗದಂತೆ ಹೊಸೆದುಕೊಂಡು ಕುಳಿತಿದ್ದವು. ಕಾಲು ಬ್ರೇಕಿನ ಮೇಲೆ ಇಲ್ಲದಿದ್ದರೂ ಬ್ರೇಕು ಹಿಡಿದೇ ಇತ್ತು. "ಈ ಸೀಜನ್ನಿಗಿ ನಿಮ್ಮ ಕಡಿ ಗಾಡಿ ಎಲ್ಲಾ ಹಿಂಗೇ ಬರ್ತಾವ" ಎನ್ನುತ್ತ ಅವರೇ ಕಿತ್ತು ತೆಗೆದರು.

ಕೊನೆಗೆ ಬಾಟಲಿ ಪರೀಕ್ಷೆ. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ ಡೀಸೆಲ್ ತುಂಬಿದ ಒಂದು ಲೀಟರಿನ ಬಾಟಲಿಗೆ ಸೇರಿಸಿದರು, ಇಂಜಿನ್ನಿನಿಂದ ಮರಳಿ ಬರುವ ಪೈಪನ್ನೂ ಅದಕ್ಕೇ ಬಿಟ್ಟರು. ಬಾಟಲಿಯ ನಡುವೆ ಬಣ್ಣದ ಗೆರೆ ಎಳೆದರು. ಅಕ್ಕ ಗಾಡಿ ನಡೆಸಿದರು, ರಾಜೇಸಾಬ ಬಾಟಲಿ ನೋಡುತ್ತ ಕುಳಿತರು, ನಾನು ರಸ್ತೆಯ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸಿದೆ. ಅರ್ಧ ಲೀಟರ್ ಇಳಿದು ಗೆರೆ ಮುಟ್ಟುವ ಹೊತ್ತಿಗೆ ಎಂಟೂವರೆ ಕಿಲೋಮೀಟರ್ ಆಗಿತ್ತು. ಒಂದು ಲೀಟರಿಗೆ ಹದಿನೇಳು. ಆ ಲೆಕ್ಕಕ್ಕೆ ನೂರಿಪ್ಪತ್ತು ಕಿಲೋಮೀಟರಿಗೆ ಏಳೇ ಲೀಟರ್ ಬೇಕು.

"ಇಂಜಿನ್ ಮುಗದದ ಅಂತ ಯಾರಂದ್ರು?" ಎಂದು ರಾಜೇಸಾಬ ಗದರಿದರು. "ಅವನ್ನ ನನ್ನ ಮುಂದ ತಂದು ನಿಲ್ಸು ಅಕ್ಕಾ. ಇದು ಇನ್ನಾ ಹತ್ತು ವರ್ಷ ನಡೀತದ."

ಅಕ್ಕ ಆ ಸಂಜೆ ನನ್ನನ್ನು ನನ್ನ ಬಾಡಿಗೆ ಕೋಣೆಯವರೆಗೆ ಬಿಡುವಾಗ ಮಾತು ಮತ್ತೆ ಶುರುವಾಗಿತ್ತು. ಲೈಸೆನ್ಸಿನ ಕತೆ ಹಾರ್ನಿನ ಸಮೇತ ಬಂತು.

ಶುಕ್ರವಾರ ಸಂಜೆ ಡೀಸೆಲ್ ಹಾಕಿಸಿದಾಗ ಒಂಬತ್ತು ಲೀಟರ್ ಹಿಡಿಯಿತು. ಇನ್ನೂ ಎರಡು ಲೀಟರ್ ಹೆಚ್ಚು. ಅಕ್ಕ ಬಂಕಿನಿಂದಲೇ ರಾಜೇಸಾಬರಿಗೆ ಫೋನ್ ಮಾಡಿ ನಮಗೂ ಕೇಳುವಂತೆ ಇಟ್ಟರು.

"ನೋಡಕ್ಕಾ" ಎಂದರು ರಾಜೇಸಾಬ, "ಗಾಡಿ ಸುಳ್ಳು ಹೇಳಂಗಿಲ್ಲ. ಆಳಂದಕ್ಕ ಹೋಗಿ ಬಂದ್ರ ಏಳು. ಒಂಬತ್ತು ಕುಡೀತದಂದ್ರ ಅದು ಇನ್ನೆಲ್ಲೋ ಓಡಾಕತ್ತದ."

ಮನೆಯಲ್ಲಿ ಈ ಮಾತು ಚಂದ್ರಾಮಪ್ಪನವರ ಕಿವಿಗೆ ಬಿದ್ದು ದೊಡ್ಡದಾಯಿತು. ಶನಿವಾರ ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಬಂದಾಗ ಅಕ್ಕನ ಮುಖ ಇಳಿದಿತ್ತು. "ಎಲ್ಲಿಗಿ ಹೋಗಿದ್ದಿ ಅಂತ ಕೇಳಿದ್ರು ಇವ್ರು. ಎಲ್ಲಿಗಿ ಅಂತ ಹೇಳ್ಲಿ? ನಿಮ್ಮನ್ನ ಬಿಡ್ತೇನಿ, ಮನಿಗಿ ಬರ್ತೇನಿ. ಆರು ವರ್ಷದಾಗ ಒಂದಿನ ಹೇಳಲಾರ್ದ ಎಲ್ಲಿಗರೆ ಹೋಗೀನೇನು? ನಾಳಿ ಸೂರ್ಯಕಾಂತ ಬರ್ತಾನ. ಒಯ್ಯಲಿ ಬಿಡ್ರಿ." ಅಷ್ಟು ಹೊತ್ತಿಗೆ ಪ್ರಾಣೇಶ ಸರ್ ಬಳಿಯೂ ಜೋಕುಗಳು ಮುಗಿದಿದ್ದವು.

ಶನಿವಾರ ಶಾಲೆ ಹನ್ನೊಂದೂವರೆಗೆ ಬಿಡುತ್ತದೆ. ಒಳಹಳ್ಳಿಗಳ ಶಿಕ್ಷಕರು ಬಂದು ಸೇರಬೇಕಾದ್ದರಿಂದ ಗಾಡಿ ಹೊರಡುವುದು ಒಂದು ಗಂಟೆಗೆ. ಪ್ರಾಣೇಶ ಸರ್ ಮನೆಗೆ ಎರಡು ಸೇರು ಹೊಸ ಕಡಲೆ ಬೇಕೆಂದರು. ಊರ ಹೊರಗೆ ಗಿಡದಿಂದ ಕಾಳು ಬಿಡಿಸುವ ರಾಶಿ ನಡೆದಿದೆ, ಅಲ್ಲೇ ಕೊಳ್ಳೋಣ ಎಂದು ಇಬ್ಬರೂ ನಡೆದು ಹೊರಟೆವು.

ಅಲ್ಲಿ ರಸ್ತೆಯ ತಿರುವೊಂದನ್ನು ನೇರ ಮಾಡಿದ ಮೇಲೆ ಹಳೆ ರಸ್ತೆಯ ಒಂದು ತುಂಡು ಹಾಗೇ ಉಳಿದಿದೆ. ಬೆಳಿಗ್ಗೆ ನಾವು ಗಾಡಿಯಲ್ಲಿ ಹಾಯುವಾಗ ಅಲ್ಲಿ ತಾಡಪತ್ರಿ ಹೊದಿಸಿದ ಕಡಲೆ ಗಿಡದ ಗುಡ್ಡೆಗಳು ಕಾಣುತ್ತಿದ್ದವು, ಜನ ಇರುತ್ತಿರಲಿಲ್ಲ. ಇಬ್ಬನಿ ಆರಿ ಗಿಡ ಗರಿಗರಿ ಆಗದೆ ರಾಶಿ ನಡೆಯುವುದಿಲ್ಲ. ಈಗ ಬಿಸಿಲು ಏರಿತ್ತು. ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ನಡುವೆ ದಪ್ಪಗೆ ಹರಡಿದ ಕಡಲೆ ಗಿಡ. ಅದರ ಮೇಲೆ ಧೂಳೆಬ್ಬಿಸುತ್ತ, ಗಾಣದ ಎತ್ತಿನಂತೆ, ನಮ್ಮ ಬಿಳಿ ಗಾಡಿ ಸುತ್ತುತ್ತಿತ್ತು.

ಒಳಗೆ ಶಿವಕಾಂತಕ್ಕ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಕಿಟಕಿಯ ಹೊರಗೆ.

"ಇನ್ನಾ ನಾಕ್ ಸುತ್ತು ಹಾಕ್ ಬೇ ಶಿವಕಾಂತಾ, ಈ ಮಗ್ಗಲು ಗಟ್ಟಿ ಅದ!" ಎಂದು ಕೂಗಿದ್ದು ಭಾಗಮ್ಮ. ಒಂದೂವರೆ ಎಕರೆ ಹೊಲದ ಆ ಮುದುಕಿಯ ಕೈಯಲ್ಲಿ ಗಿಡ ತಿರುವುವ ಕವಲು ಕೋಲಿತ್ತು.

ನಾಲ್ಕು ಸುತ್ತು ಮುಗಿದವು. ಗಾಡಿ ನಿಂತಿತು. ಪ್ರಾಣೇಶ ಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಅಕ್ಕಾ, ಇದು ಎಷ್ಟು ದಿನದಿಂದ ನಡದದ?" ಎಂದು ಕೇಳಿದೆ.

"ಹದಿನೈದು ದಿನ ಆತ್ರಿ. ಯಾಕ?"

"ದಿನಾಲೂ?"

"ದಿನಾಲೂ ಏನ್ರಿ, ಒಂದ್ ತಾಸು, ಒಂದೂವರಿ ತಾಸು. ಇವ್ರದೆಲ್ಲಾ ಎರಡು ಚೀಲ, ಮೂರು ಚೀಲದ ರಾಶಿ. ಒಂದ್ ರಾಶಿಗೋಸ್ಕರ ಮಷಿನ್ನಿನಾಂವ ಹೊಲಕ್ಕ ಬರಂಗಿಲ್ಲ ಅಂತಾನ. ಹೋದ ವರ್ಷ ದೊಡ್ಡ ರೋಡಿನ ಮ್ಯಾಲೇ ಹಾಸಿದ್ರು, ಬೈಕಿನಾಂವ ಜಾರಿ ಬಿದ್ದು ಕೈ ಮುರ್ಕೊಂಡ. ಅದಕ್ಕ ನಾನೇ ಅಂದೆ, ದೊಡ್ಡ ರೋಡಿಗಿ ಹಾಕಬ್ಯಾಡ್ರಿ, ಇಲ್ಲಿ ಹಾಕ್ರಿ, ನಾ ಬಂದು ತುಳಿಸಿ ಕೊಡ್ತೇನಿ ಅಂತ."

"ಅಕ್ಕಾರ" ಎಂದರು ಪ್ರಾಣೇಶ ಸರ್, ಬಹಳ ಮೆಲ್ಲಗೆ, "ಇದಕ್ಕ ಡೀಸೆಲ್ ಬೇಡೇನ್ರಿ?"

ಅಕ್ಕ ಬಾಯಿ ತೆರೆದರು. ಗಾಡಿ ನೋಡಿದರು. ಚಕ್ರದಡಿಯ ಹೊಟ್ಟು ನೋಡಿದರು.

"ಅಯ್ಯ, ಇದು ನಿಂತಲ್ಲೇ ತಿರುಗೋದಲ್ರಿ ಸರ್ರ! ಎಲ್ಲಿಗೂ ಹೋಗಿಲ್ಲ, ಯಾರನ್ನೂ ಕೂಡ್ಸಿಲ್ಲ…" ಮಾತು ಅಲ್ಲೇ ನಿಂತಿತು. ಅಂಗೈ ಹಣೆಗೆ ಹೋಯಿತು. ಆಮೇಲೆ ಅವರು ಸ್ಟೇರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದರು. ತಲೆ ತಾಗಿ ಹಾರ್ನ್ ಹೊಡೆದುಕೊಂಡಿತು, ಭಾಗಮ್ಮ ಬೆಚ್ಚಿ ಕೋಲು ಬಿಟ್ಟರು.

ಮೊದಲ ಗೇರಿನಲ್ಲಿ, ಮೊಣಕಾಲೆತ್ತರದ ಗಿಡದ ಮೇಲೆ, ಒಂದೂವರೆ ತಾಸು. ಇದಕ್ಕಿಂತ ಹೆಚ್ಚು ಡೀಸೆಲ್ ಕುಡಿಯುವ ಕೆಲಸ ಒಂದು ಗಾಡಿಗೆ ಇರಲಿಕ್ಕಿಲ್ಲ. ಫಿಲ್ಟರಿನ ಹೊಟ್ಟು, ಬ್ರೇಕಿನೊಳಗಿನ ಕಡ್ಡಿ, ಉಳಿದ ಎರಡು ಲೀಟರ್, ಎಲ್ಲಕ್ಕೂ ಉತ್ತರ ಅಲ್ಲೇ ಬಿದ್ದಿತ್ತು. ಮುಚ್ಚುಮರೆಯೂ ಇರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಆದರೆ ಅದನ್ನು ಯಾರೂ ಗಾಡಿ ಓಡಿಸುವುದು ಎಂದು ಹಿಡಿದಿರಲಿಲ್ಲ. ಓಡುವುದೆಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು. ಇದು ರಾಶಿ ಮಾಡುವುದು.

ಭಾನುವಾರ ಲೆಕ್ಕ ಬಿಡಿಸಿ ಹೇಳಲು ಅಕ್ಕ ನನ್ನನ್ನು ಬರಹೇಳಿದ್ದರು. ಬಸ್ಸಿನಲ್ಲಿ ಹೋದೆ. ಸೂರ್ಯಕಾಂತ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಎರಡು ಫೋನುಗಳನ್ನು ಎದುರಿಗಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಚಂದ್ರಾಮಪ್ಪನವರ ಕೈಯಲ್ಲಿ ಗಾಡಿಯ ಚಾವಿ ಇತ್ತು. ನಾನು ಬಾಟಲಿ ಪರೀಕ್ಷೆಯಿಂದ ಹಿಡಿದು ಎಲ್ಲ ಹೇಳಿದೆ. ಚಂದ್ರಾಮಪ್ಪನವರು ಕೇಳಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡರು.

"ನಮ್ಮ ತಂಗಿ ರಾಶಿನೂ ಅಲ್ಲೇ ಆಗ್ಯಾದ" ಎಂದರು. "ನಾನೇ ಹೇಳಿ ಕಳಿಸಿದ್ದೆ."

"ಹಂಗಾದ್ರ ಎಲ್ಲಿಗಿ ಹೋಗಿದ್ದಿ ಅಂತ ನನ್ನ ಯಾಕ ಕೇಳಿದ್ರಿ?" ಎಂದರು ಅಕ್ಕ ಒಳಗಿನಿಂದ.

"ನೀ ಎಲ್ಲಿಗೂ ಹೋಗಿದ್ದಿಲ್ಲಲ್ಲ, ಅದಕ್ಕೇ ಕೇಳ್ದೆ."

ಸೂರ್ಯಕಾಂತ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಎದ್ದು ಹೋಗಿ ಬಾನೆಟ್ ಎತ್ತಿ ನೋಡಿದ. ಮರಳಿ ಬಂದಾಗ ಅವನ ಮುಖ ಬದಲಾಗಿತ್ತು. "ಅಣ್ಣಾ, ಹದಿನೈದು ದಿನ ರಾಶಿ ತುಳಿದೂ ಇಂಜಿನ್ ಹಿಂಗದಂದ್ರ ಭಾರಿ ಗಾಡಿ ಇದು. ಇವತ್ತೇ ಒಯ್ತೇನಿ, ಚಾವಿ ಕೊಡು."

"ಹೋದ ವಾರ ಮುದಿ ಎತ್ತು ಅಂದಿದ್ದಿ?" ಎಂದರು ಚಂದ್ರಾಮಪ್ಪನವರು.

"ಅದು ಹೋದ ವಾರ. ಈಗ ನೋಡಣ್ಣಾ, ಖರೇ ಹೇಳ್ತೇನಿ. ವೈನಿ ಬಾಯಿಂದ ಇಲ್ಲ ಅನ್ನೋ ಮಾತು ಬರಂಗಿಲ್ಲ. ಇವತ್ತು ಕಡ್ಲಿ, ಮುಂದ ಕುಸುಬಿ, ಆಮ್ಯಾಲ ಮತ್ತೊಂದು. ಗಾಡಿ ಇಲ್ಲೇ ಇದ್ರ ನಾಳಿ ಖರೇನೇ ಕೆಡ್ತದ."

ಇದರಲ್ಲಿ ಸುಳ್ಳಿರಲಿಲ್ಲ. ಚಂದ್ರಾಮಪ್ಪನವರು ಹೆಂಡತಿಯ ಕಡೆ ತಿರುಗಿದರು. "ಒಂದೇ ಮಾತು. ರಾಶಿ ಬಿಟ್ಟಿ ಅಂದ್ರ ಗಾಡಿ ಇರ್ತದ. ಇಲ್ಲಾಂದ್ರ ಇಂವ ಒಯ್ಯಲಿ. ನೀನೇ ಹೇಳು."

ದೊಡ್ಡ ರಸ್ತೆಗೆ ಹಾಸಬೇಡಿ ಎಂದು ಹೇಳಿ ಅಷ್ಟು ಹೆಂಗಸರನ್ನು ಹಳೆ ರಸ್ತೆಗೆ ಕರೆತಂದವರು ಅಕ್ಕನೇ. ಈಗ ಬಿಟ್ಟರೆ ಉಳಿದ ಗಿಡವೆಲ್ಲ ಮತ್ತೆ ದೊಡ್ಡ ರಸ್ತೆಯ ಮೇಲೆ ಬೀಳುತ್ತಿತ್ತು. ಅವರು ಚಪ್ಪಲಿ ಮೆಟ್ಟಿಕೊಂಡು, "ಟೀಚರ್, ಬರ್ರಿ" ಎಂದು ನಡೆದೇ ಹೊರಟರು. ಗಾಡಿ ಬಿಟ್ಟು ಅಕ್ಕ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಳೆ ರಸ್ತೆಯ ಮೇಲೆ ಹೆಂಗಸರು ಕಾಯುತ್ತಿದ್ದರು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಭಾಗಮ್ಮ ಕೇಳಿ ಕೆರಳಿದರು.

"ಹುಚ್ಚಿ ಇದ್ದೀಯೇನ್ ಬೇ? ಹದಿನೈದು ದಿನ ನಿನ್ನ ಎಣ್ಣಿ ಸುಟ್ಟು ಒಂದ್ ಮಾತು ಹೇಳಿಲ್ಲ!"

"ನಂಗೇ ಗೊತ್ತಿದ್ದಿಲ್ಲ ಅವ್ವಾ."

"ಗೊತ್ತಿದ್ದಿಲ್ಲಂತ! ಗಾಡಿ ನಡ್ಸಾಕಿ ನೀನೋ ನಾನೋ?"

ಉಳಿದವರೂ ನಗುತ್ತಲೇ ಸುತ್ತ ಸೇರಿದರು. ಬಡಿದು ಮಾಡಿಕೊಳ್ಳುತ್ತೇವೆ ಎಂದರು ಕೆಲವರು. ಎಲ್ಲರ ಕಡಲೆ ಒಂದೇ ಗುಡ್ಡೆ ಹಾಕಿ ಮಷಿನ್ ಕರೆಸಿದರೆ ಹೇಗೆ ಎಂದರು ಒಬ್ಬರು. "ನನ್ನ ಬೀಜದ ಕಡ್ಲಿ ನಿನ್ನ ಹುಳಕು ಕಡ್ಲಿ ಕೂಡ ಸೇರಸ್ಲೇನು?" ಎಂದು ಇನ್ನೊಬ್ಬರು ಹರಿಹಾಯ್ದರು. ಅಕ್ಕ ಮಾತು ಕೇಳುತ್ತಲೇ ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದರು, ತಾಡಪತ್ರಿಗಳನ್ನು ಒಂದೊಂದಾಗಿ ಮುಟ್ಟುತ್ತ. ಹದಿನಾಲ್ಕು ಗುಡ್ಡೆಗಳು ಉಳಿದಿದ್ದವು. ಹದಿನಾಲ್ಕನೆಯದರ ಬಳಿ ನಿಂತು ಫೋನ್ ತೆಗೆದರು.

ರಾಶಿ ಮಷಿನ್ನಿನ ಸಂಜುಕುಮಾರ ಆ ಕಡೆ ಫೋನೆತ್ತಿದ.

"ಸಂಜಪ್ಪಾ, ನಾ ಶಿವಕಾಂತಾ. ಎರಡು ಚೀಲಕ್ಕ ಹೊಲಾ ಹೊಲಾ ತಿರುಗಾಕ ಆಗಂಗಿಲ್ಲ ಅಂದಿದ್ದಿಲ್ಲೇನು? ತಿರುಗಬ್ಯಾಡಪ್ಪ. ಹದಿನಾಕು ರಾಶಿ ಅವ, ಸಾಲಿಗಿ ಹಚ್ಚೀನಿ, ಡಾಂಬರಿನ ಮ್ಯಾಲ. ಮಷಿನ್ ತಂದು ನಿಲ್ಸು, ಒಂದು ಮುಗೀತು ಅಂದ್ರ ನಾಕು ಹೆಜ್ಜಿ ಮುಂದ ಬಾ, ಇನ್ನೊಂದು… ಹೌದು, ಬ್ಯಾರೆ ಬ್ಯಾರೆ. ಯಾರದು ಅವ್ರಿಗೇ… ಏ, ಕೆಸರಿಲ್ಲ, ಮುಳ್ಳಿಲ್ಲ, ನಿಮ್ಮ ಮನಿ ಅಂಗಳಾಗಿಂತ ಸಾಫ್ ಅದ… ನಾಳಿ? ನಾಳಿ ಎಷ್ಟೊತ್ತಿಗಿ? ಇಬ್ಬನಿ ಆರಿದ ಮ್ಯಾಲೇ ಬಾ."

ಗುಡ್ಡೆಗಳು ಹೊಲಹೊಲದಲ್ಲಿ ಚದುರಿದ್ದಾಗ ಅವನಿಗೆ ಬೇಡವಾದ ಕೆಲಸ, ಒಂದೇ ಸಾಲಿನಲ್ಲಿ ನಿಂತಾಗ ಇಡೀ ದಿನದ ಒಳ್ಳೆಯ ಕೆಲಸವಾಗಿತ್ತು. ಸಾಲು ಮಾಡಿಸಿದವರು ಅಕ್ಕನೇ, ಬೇರೆ ಉದ್ದೇಶಕ್ಕೆ. ಫೋನ್ ಇಟ್ಟು ಅವರು ಭಾಗಮ್ಮನ ಕಡೆ ತಿರುಗಿ, "ನಾಳಿ ಬರ್ತಾನ. ನಿಮ್ಮದೇ ಮೊದಲ. ಆಮ್ಯಾಲ ಆ ಸಾಲು. ನಡುವ ಯಾರೂ ನುಗ್ಗಬ್ಯಾಡ್ರಿ" ಎಂದರು.

ಮನೆಗೆ ಬಂದಾಗ ಸೂರ್ಯಕಾಂತ ಮೂರನೇ ಕಪ್ಪು ಚಹಾ ಕುಡಿಯುತ್ತಿದ್ದ. ಅಕ್ಕ ಕೈ ಚಾಚಿದರು. ಚಂದ್ರಾಮಪ್ಪನವರು ಏನೂ ಕೇಳದೆ ಚಾವಿ ಕೊಟ್ಟರು.

"ವೈನಿ, ಇನ್ನೊಮ್ಮಿ ವಿಚಾರ ಮಾಡ್ರಿ" ಎಂದ ಸೂರ್ಯಕಾಂತ.

"ಮಾಡೀನಪ್ಪ. ಊಟ ಮಾಡ್ಕೊಂಡು ಹೋಗು. ಕಡ್ಲಿ ಪಲ್ಯಾ ಮಾಡೀನಿ, ನಿನಗೂ ಆ ಎರಡು ಲೀಟರ್‌ದಾಗ ಪಾಲು ಅದ."

ಸೋಮವಾರ ಸಂಜುಕುಮಾರನ ಮಷಿನ್ ಬಂತು. ಅದರ ಸದ್ದು ನಮ್ಮ ತರಗತಿಯವರೆಗೂ ಕೇಳಿಸುತ್ತಿತ್ತು. ಸಂಜೆ ನಾವು ಹಾಯುವಾಗ ಹಳೆ ರಸ್ತೆಯ ಮೇಲೆ ಹದಿನಾಲ್ಕು ಸಣ್ಣ ಸಣ್ಣ ಕಡಲೆಯ ಗುಡ್ಡೆಗಳಿದ್ದವು, ಪ್ರತಿಯೊಂದರ ಪಕ್ಕ ಅದರ ಒಡತಿ. ಭಾಗಮ್ಮ ಗಾಡಿ ನಿಲ್ಲಿಸಿ ಕಿಟಕಿಯಿಂದ ಒಂದು ಬೊಗಸೆ ಕಡಲೆಯನ್ನು ಅಕ್ಕನ ಮಡಿಲಿಗೆ ಸುರಿದರು. ಪ್ರಾಣೇಶ ಸರ್ ಶನಿವಾರ ಮರೆತಿದ್ದ ಎರಡು ಸೇರನ್ನು ಅಲ್ಲೇ ಕೊಂಡರು.

ಮಂಗಳವಾರ ಸಂಜೆ ಬಂಕಿನಲ್ಲಿ ನಾವೆಲ್ಲ ಇಳಿದು ಪಂಪಿನ ಅಂಕಿ ನೋಡುತ್ತ ನಿಂತೆವು. ಟ್ಯಾಂಕು ತುಂಬಿದಾಗ ಅಂಕಿ ಏಳು ದಾಟಿ ಒಂದಿಷ್ಟು ಮುಂದೆ ಹೋಗಿ ನಿಂತಿತು. ಎಂಟು ಜನ ಶಿಕ್ಷಕರು ಚಪ್ಪಾಳೆ ತಟ್ಟಿದ್ದು ನೋಡಿ ಬಂಕಿನ ಹುಡುಗಿ ಏನೋ ಬಹುಮಾನ ಬಂದಿದೆ ಎಂದುಕೊಂಡಳು.

ಬುಧವಾರ ಸಂಜೆ ಗಾಡಿ ಅರ್ಧ ತಾಸು ತಡವಾಗಿ ಬಂತು. ಆರು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು. ನಾವು ಶಾಲೆಯ ಗೇಟಿನ ಬಳಿ ಮತ್ತೇನು ಕೆಟ್ಟಿತೋ ಎಂದು ಕಾಯುತ್ತಿದ್ದೆವು. ಅಕ್ಕ ಕೆನ್ನೆಯ ಮೇಲೆ ಚಾಪೆಯ ಗೆರೆಗಳೊಂದಿಗೆ ಬಂದು ಬ್ರೇಕ್ ಹಾಕಿದರು.

"ಗಾಡಿಗಿ ಏನೂ ಆಗಿಲ್ರಿ, ಅಂಜಬ್ಯಾಡ್ರಿ" ಎಂದರು. "ಮಧ್ಯಾಹ್ನ ಮಾಡಾಕ ಏನೂ ಕೆಲಸ ಇದ್ದಿಲ್ಲ. ಜರಾ ಅಡ್ಡಾಗಿದ್ದೆ, ನಿದ್ದಿ ಹತ್ತಿಬಿಟ್ಟದ."